ಸೊನ್ನೆಯ ಅಂಚಿನಲ್ಲಿ ಸೋರಿಹೋಗುವ ಡೆನ್ಸಿಟಿ

ಗ್ರಾಹಕ ಸೇವಾ ಕೇಂದ್ರವೊಂದಕ್ಕೆ ನಾವು ಪ್ರತಿ ತಿಂಗಳು ಕೊಡುವ ವರದಿಯಲ್ಲಿ, ಕರೆ ಮಾಡಿದವರು ಎಷ್ಟು ಸೆಕೆಂಡು ಕಾದರು ಎಂಬುದರ ಡೆನ್ಸಿಟಿ ಪ್ಲಾಟ್ ಇರುತ್ತದೆ, ಅಂದರೆ ಎಷ್ಟು ಹೊತ್ತು ಕಾದವರು ಎಲ್ಲಿ ದಟ್ಟವಾಗಿದ್ದಾರೆ ಎಂದು ತೋರಿಸುವ ನಯವಾದ ಕರ್ವ್; ಅದರ ಕೆಳಗಿನ ಒಟ್ಟು ವಿಸ್ತೀರ್ಣ 1 ಇರಬೇಕು. ಪರಿಶೀಲನಾ ಸಭೆಯೊಂದರಲ್ಲಿ ಅಲ್ಲಿನ ಮೇಲ್ವಿಚಾರಕರು ಪರದೆಯನ್ನು ದಿಟ್ಟಿಸಿ, "ಸೊನ್ನೆಗಿಂತ ಕಡಿಮೆ ಹೊತ್ತು ಕಾದವರು ಯಾರು ಸರ್?" ಎಂದು ಕೇಳಿದರು. ಅಂಕಿಅಂಶಗಳಿಗೆ ಬಳಸುವ ಆರ್ ಪ್ರೋಗ್ರಾಮಿಂಗ್ ಭಾಷೆಯ ಡೆನ್ಸಿಟಿ ಫಂಕ್ಷನ್ ನಾವು ಬೇಡವೆನ್ನದಿದ್ದರೆ ದತ್ತಾಂಶದ ಎರಡೂ ತುದಿಗಳಿಂದಾಚೆ ಮೂರು ಬ್ಯಾಂಡ್‌ವಿಡ್ತ್‌ಗಳಷ್ಟು (ಪ್ರತಿ ಅಂಕಿಯನ್ನು ಎಷ್ಟು ಅಗಲಕ್ಕೆ ಹರಡಬೇಕೆಂಬ ಅಳತೆಯೇ ಬ್ಯಾಂಡ್‌ವಿಡ್ತ್) ದೂರ ಕರ್ವ್ ಎಳೆಯುವುದರಿಂದ ಅದು ಸೊನ್ನೆಯ ಎಡಕ್ಕೂ ಚಾಚಿತ್ತು. ಸಹೋದ್ಯೋಗಿಯೊಬ್ಬರು ಅಲ್ಲಿಯೇ, ಕರ್ವ್ ಎಲ್ಲಿಂದ ಶುರುವಾಗಬೇಕೆಂದು ಹೇಳುವ ಫ್ರಮ್ ಆರ್ಗ್ಯುಮೆಂಟ್‌ಗೆ 0 ಕೊಟ್ಟು ಸ್ಕ್ರಿಪ್ಟನ್ನು ಮತ್ತೆ ಓಡಿಸಿದರು. ಎಡಬದಿಯ ಬಾಲ ಮಾಯವಾಯಿತು, ಎಲ್ಲರಿಗೂ ಸಮಾಧಾನವಾಯಿತು.

ಆದರೆ ಕರ್ವ್‌ನ ಶಿಖರ ಸೊನ್ನೆಯಿಂದ ತುಸು ಬಲಕ್ಕೆ ನಿಂತಿತ್ತು. ಹೆಚ್ಚಿನವರು ಕೆಲವು ಸೆಕೆಂಡುಗಳಾದರೂ ಕಾಯುತ್ತಿದ್ದಾರೆ ಎಂದು ಅದನ್ನು ಓದಿಕೊಂಡ ವ್ಯವಸ್ಥಾಪಕರು ಬೆಳಗಿನ ಪಾಳಿಗೆ ಜನ ಸೇರಿಸುವ ಮಾತು ತೆಗೆದರು. ನಾನು ಅವರನ್ನು ತಡೆದು, ಅದೇ ದತ್ತಾಂಶದ ಹಿಸ್ಟೊಗ್ರಾಮನ್ನು ಕರ್ವ್‌ನ ಹಿಂದೆ ಹಾಕಿ ತೋರಿಸಿದೆ. ಎಲ್ಲಕ್ಕಿಂತ ಎತ್ತರದ ಕಂಬ ಸೊನ್ನೆಗೆ ಅಂಟಿಕೊಂಡೇ ಇತ್ತು, ಕರ್ವ್ ಮಾತ್ರ ಅಲ್ಲಿ ಆ ಕಂಬದ ಅರ್ಧಕ್ಕೆ ಕುಸಿದಿತ್ತು. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಬಳಿಕ ಬಂದ ಪ್ರಶ್ನೆ, ಇಷ್ಟು ತಿಂಗಳ ವರದಿಗಳಲ್ಲಿ ಯಾವುದನ್ನು ನಂಬಬೇಕು ಎಂಬುದಾಗಿತ್ತು, ಅದು ನ್ಯಾಯವೂ ಆಗಿತ್ತು.

ಫ್ರಮ್ ಚಿತ್ರವನ್ನು ಕತ್ತರಿಸುತ್ತದೆಯೇ ಹೊರತು ಅಂದಾಜನ್ನು ತಿದ್ದುವುದಿಲ್ಲ. ಪೈಥಾನ್‌ನಲ್ಲಿ ಚಿತ್ರ ಬಿಡಿಸುವ ಲೈಬ್ರರಿ ಸೀಬಾರ್ನ್‌ನ ಕ್ಲಿಪ್ ಆಯ್ಕೆ ಕೂಡ ಅಷ್ಟೇ. ಸೊನ್ನೆಯಲ್ಲಿ ಅತಿ ಎತ್ತರವಿದ್ದು ಬಲಕ್ಕೆ ಇಳಿಯುತ್ತಾ ಹೋಗುವ, ಸರಾಸರಿ 1 ಇರುವ ಎಕ್ಸ್‌ಪೊನೆನ್ಷಿಯಲ್ ವಿತರಣೆಗೆ 0.2 ಬ್ಯಾಂಡ್‌ವಿಡ್ತ್‌ನ ಗಾಸಿಯನ್ ಕರ್ನಲ್ (ಪ್ರತಿ ಅಂಕಿಯನ್ನು ಎರಡೂ ಬದಿಗೆ ಹರಡುವ ಗಂಟೆಯಾಕಾರ) ಹಾಕಿದರೆ, ಸೊನ್ನೆಯಲ್ಲಿ ನಿಜವಾಗಿ 1 ಇರಬೇಕಾದ ಎತ್ತರ ಸುಮಾರು 0.43 ಆಗುತ್ತದೆ, ಶೇಕಡಾ 7ರಷ್ಟು ವಿಸ್ತೀರ್ಣ ಸೊನ್ನೆಯ ಎಡಕ್ಕೆ ಸೋರುತ್ತದೆ. ಉಳಿದದ್ದನ್ನು ಒಟ್ಟಾರೆ ಹಿಗ್ಗಿಸಿ ವಿಸ್ತೀರ್ಣವನ್ನು 1 ಮಾಡಿದರೂ ಆ ಎತ್ತರ ಸುಮಾರು 0.46ರಲ್ಲೇ ನಿಲ್ಲುತ್ತದೆ. ಸೋರಿದ ಭಾಗವನ್ನು ಕನ್ನಡಿಯಂತೆ ಒಳಕ್ಕೆ ಮಡಚುವ ರಿಫ್ಲೆಕ್ಷನ್ ಮಾತ್ರ ಅದನ್ನು 0.86ರವರೆಗೆ ಏರಿಸುತ್ತದೆ, ಆದರೆ ಅಂಚಿನಲ್ಲಿ ಕರ್ವ್‌ನ ಇಳಿಜಾರನ್ನು ಬಲವಂತವಾಗಿ ಚಪ್ಪಟೆ ಮಾಡುತ್ತದೆ. ಆರ್‌ನಲ್ಲಿ ಚಿತ್ರ ಬಿಡಿಸುವ ಪ್ಯಾಕೇಜ್ ಜಿಜಿಪ್ಲಾಟ್2ರ ಬೌಂಡ್ಸ್ ಆಯ್ಕೆ ಮಾಡುವುದೂ ಇದನ್ನೇ. ಅಂಕಿಗಳ ಲಾಗ್ (ಲಾಗರಿದಮ್) ತೆಗೆದು ಅಂದಾಜಿಸುವ ದಾರಿ ನಮಗೆ ಮುಚ್ಚಿತ್ತು, ಏಕೆಂದರೆ ತಕ್ಷಣ ಸ್ವೀಕರಿಸಿದ ಕರೆಗಳ ಕಾಯುವಿಕೆ ನಿಖರವಾಗಿ ಸೊನ್ನೆ, ಸೊನ್ನೆಗೆ ಲಾಗ್ ಇಲ್ಲ.

ಆ ಸೊನ್ನೆಗಳನ್ನು ಈಗ ಪ್ರತ್ಯೇಕ ಶೇಕಡಾವಾರಾಗಿ ಕೊಟ್ಟು, ಉಳಿದ ಕರೆಗಳಿಗೆ ಮಾತ್ರ ರಿಫ್ಲೆಕ್ಷನ್ ಬಳಸುತ್ತೇವೆ, ಹಿಂದೆಯೇ ಹಿಸ್ಟೊಗ್ರಾಮ್ ಇರುತ್ತದೆ. ವಿಸ್ತೀರ್ಣ 1ಕ್ಕಿಂತ ಕಡಿಮೆಯಾದಾಗ ಒಂದು ಸಾಲಿನ ಎಚ್ಚರಿಕೆಯನ್ನೂ ಈ ಸಲಕರಣೆಗಳು ಕೊಡದಿರುವುದು ನನಗೆ ಇಂದಿಗೂ ಒಪ್ಪಿಗೆಯಿಲ್ಲ. ಆ ಪರೀಕ್ಷೆಯನ್ನು ನಾವೇ ಸ್ಕ್ರಿಪ್ಟ್‌ನಲ್ಲಿ ಬರೆದುಕೊಂಡಿದ್ದೇವೆ.