ಮರಳಿಗಿಂತ ಹುಲ್ಲೇ ಹೆಚ್ಚು: ಜೈಸಲ್ಮೇರ್ ಹಂತದ ಚಿತ್ರೀಕರಣ

ಅಕ್ಕಲಕೋಟೆಯಿಂದ ಕಾರಿನಲ್ಲೇ ಹೊರಟು ಒಣನಾಡಿನ ಅಭಯಾರಣ್ಯಗಳ ಚಿತ್ರಮಾಲೆಯೊಂದನ್ನು ಸಿದ್ಧಪಡಿಸುವ ನನ್ನ ಯೋಜನೆಯಲ್ಲಿ ಅತಿ ದೂರದ ಹಂತವಾದ ಜೈಸಲ್ಮೇರ್ ಪ್ರಯಾಣ ಈ ಚಳಿಗಾಲದಲ್ಲಿ ಮುಗಿಯಿತು. ಈ ಮಾಲೆ ಶುರುವಾದದ್ದು ಸೊಲ್ಲಾಪುರದ ಪಕ್ಕದ ನಾನ್ನಜದ ಬಯಲಿನಲ್ಲಿ. ನಮ್ಮ ಹಿರಿಯರು ಎರೆಭೂತ ಎಂದೂ ಮರಾಠಿಗರು ಮಾಳಢೋಕ ಎಂದೂ ಕರೆಯುವ ಗ್ರೇಟ್ ಇಂಡಿಯನ್ ಬಸ್ಟರ್ಡ್ ಹಕ್ಕಿಗಾಗಿ 1979ರಲ್ಲಿ ಅಲ್ಲಿ ಅಭಯಾರಣ್ಯ ಘೋಷಣೆಯಾಯಿತು. ಆದರೆ ಇಂದು ಆ ಹಕ್ಕಿ ನಮ್ಮ ಕಡೆ ಕಣ್ಣಿಗೆ ಬೀಳುವುದೇ ಅಪರೂಪವಾಗಿದೆ. ಉಳಿದಿರುವ ಹಕ್ಕಿಗಳಲ್ಲಿ ಬಹುಪಾಲು ಥಾರ್ ಮರುಭೂಮಿಯಲ್ಲಿವೆ. ಹಕ್ಕಿಯನ್ನು ಕಳೆದುಕೊಂಡ ಬಯಲನ್ನೂ ಅದನ್ನು ಇನ್ನೂ ಉಳಿಸಿಕೊಂಡಿರುವ ಬಯಲನ್ನೂ ಅಕ್ಕಪಕ್ಕದಲ್ಲಿಟ್ಟು ತೋರಿಸಬೇಕೆಂಬುದೇ ಇಷ್ಟೆಲ್ಲ ಓಡಾಟದ ಉದ್ದೇಶ.

ತುಳಜಾಪುರ, ಬೀಡ್, ಧುಳೆ ದಾಟಿ ಸೂರತ್ ಸೇರಿ, ಅಲ್ಲಿಂದ ಭಾವನಗರದ ಕಡೆಗೆ ತಿರುಗಿದೆವು. ಕಾರು ಓಡಿಸಿದವನು ನನ್ನ ಸೋದರಮಾವನ ಮಗ. ಹಕ್ಕಿಗಳ ಬಗ್ಗೆ ಅವನಿಗೆ ಆಸಕ್ತಿ ಕಡಿಮೆಯಾದರೂ ಹೇಳಿದ ಕಡೆ ಎಂಜಿನ್ ಆರಿಸಿ ಅಲುಗಾಡದೆ ಕೂರುವ ಗುಣ ಅವನಲ್ಲಿದೆ, ವನ್ಯಜೀವಿ ಚಿತ್ರಣಕ್ಕೆ ಇದಕ್ಕಿಂತ ದೊಡ್ಡ ಉಪಕಾರವಿಲ್ಲ. ವೇಳಾವದರ್ ಕೃಷ್ಣಮೃಗ ರಾಷ್ಟ್ರೀಯ ಉದ್ಯಾನ ಕೇವಲ 34 ಚದರ ಕಿಲೋಮೀಟರ್ ವಿಸ್ತಾರದ್ದಾದ್ದರಿಂದ ಅಲ್ಲಿ ಕೆಲಸ ಬೇಗನೆ ಕೈಗೂಡಿತು. ಕಛ್‌ನ ಚಿಕ್ಕ ರಣವೆಂಬ ಉಪ್ಪುನೆಲದಲ್ಲಿ ಕಾಡುಕತ್ತೆಗಳು ಸಿಕ್ಕವು. ಅಲ್ಲಿನ ಬೋಳು ನೆಲದ ಬಿಳುಪು ಕ್ಯಾಮೆರಾದ ಬೆಳಕಿನ ಮೀಟರನ್ನು ಹಾದಿ ತಪ್ಪಿಸುತ್ತದೆ; ಎಲ್ಲವನ್ನೂ ಮಧ್ಯಮ ಬೂದು ಬಣ್ಣಕ್ಕೆ ಇಳಿಸುವ ಅದರ ಸ್ವಭಾವದಿಂದ ಉಪ್ಪು ಕೆಸರಿನಂತೆ ಕಾಣುವುದರಿಂದ, ಎಕ್ಸ್‌ಪೋಷರನ್ನು ಒಂದು ಸ್ಟಾಪ್‌ನಷ್ಟು, ಎಂದರೆ ಬೆಳಕನ್ನು ಎರಡರಷ್ಟು, ಏರಿಸಿ, ಬೆಳಕಿನ ಹಂಚಿಕೆ ತೋರಿಸುವ ಹಿಸ್ಟೋಗ್ರಾಮಿನ ಬಲ ಅಂಚು ಕತ್ತರಿಸದಂತೆ, ಎಂದರೆ ಬಿಳುಪಿನ ವಿವರ ಅಳಿಯದಂತೆ, ನೋಡಿಕೊಂಡು ತೆಗೆಯಬೇಕಾಗುತ್ತದೆ.

ಬಾಡಮೇರ್ ದಾಟಿದ ಮೇಲೆ ಸಿಗುವ ಮರು (ಮರುಭೂಮಿ) ರಾಷ್ಟ್ರೀಯ ಉದ್ಯಾನ ಹೆಸರಿಗೆ ರಾಷ್ಟ್ರೀಯ ಉದ್ಯಾನವಾದರೂ ಕಾನೂನಿನ ದೃಷ್ಟಿಯಲ್ಲಿ ಅದು ವನ್ಯಜೀವಿಧಾಮ. 3,162 ಚದರ ಕಿಲೋಮೀಟರ್ ಹಬ್ಬಿದ ಆ ಪ್ರದೇಶದಲ್ಲಿ ಮರಳುದಿಬ್ಬಗಳ ಪಾಲು ಸುಮಾರು ಐದರಲ್ಲೊಂದು ಮಾತ್ರ. ಉಳಿದದ್ದು ಗಟ್ಟಿ ಕಲ್ಲುನೆಲ, ಗರಸು, ಹುಲ್ಲು. ಪ್ರವಾಸಿಗಳು ಒಂಟೆ ಏರುವ ಸಮ್ ದಿಬ್ಬಗಳ ಚಿತ್ರ ಎಲ್ಲೆಡೆಯೂ ಇರುವುದರಿಂದ ನಾನು ಅಲ್ಲಿ ಕ್ಯಾಮೆರಾ ಹೊರತೆಗೆಯಲಿಲ್ಲ. ನನಗೆ ಬೇಕಾಗಿದ್ದದ್ದು ಉದ್ಯಾನದೊಳಗಿನ ಸುದಾಸರಿಯ ಸುತ್ತಲಿನ ಸೇವಣ ಎಂಬ ಮರುಭೂಮಿಯ ಹುಲ್ಲು. ಬೆಳಗಿನ ಓರೆ ಬೆಳಕಿನಲ್ಲಿ ನೆಲಕ್ಕೆ ಎದೆಯೂರಿ ಮಲಗಿ ನೋಡಿದರೆ, ಒಣಗಿದ ಪ್ರತಿ ಬುಡಕ್ಕೂ ಗಾಳಿ ತಂದು ಪೇರಿಸಿದ ಗೇಣುದ್ದದ ಮರಳುದಿಣ್ಣೆಯಿರುತ್ತದೆ, ಅದರ ಮೇಲೆ ರಾತ್ರಿ ನಡೆದುಹೋದ ಜೀರುಂಡೆಯ ಕಾಲಗುರುತು ಎರಡು ಸಾಲು ಚುಕ್ಕೆಗಳಾಗಿ ಮೂಡಿರುತ್ತದೆ. ಹುಲ್ಲು ಮರಳನ್ನು ಹಿಡಿದು ನಿಲ್ಲಿಸುವ ಬಗೆ ಆ ಒಂದು ಚೌಕಟ್ಟಿನಲ್ಲಿ ಪೂರ್ತಿ ಬಂದಿದೆ. ಈವರೆಗಿನ ಮಾಲೆಯಲ್ಲಿ ನನಗೆ ಅತ್ಯಂತ ಸಮಾಧಾನ ಕೊಟ್ಟ ಚಿತ್ರವೂ ಅದೇ.

ದೂರದ ಪ್ರಾಣಿಗಳನ್ನು ತೆಗೆಯುವುದಕ್ಕೆ ಸಿಗುವ ಸಮಯ ಬಹಳ ಕಡಿಮೆ. ಬಿಸಿಲು ಏರಿ ನೆಲ ಗಾಳಿಗಿಂತ ಹೆಚ್ಚು ಕಾದ ಕೂಡಲೇ, ನೆಲದ ಮೇಲಿನ ಗಾಳಿಯ ಪದರಗಳು ಕದಲತೊಡಗಿ ಬೆಳಕನ್ನು ಅಲ್ಲಲ್ಲಿ ಬಾಗಿಸುವುದರಿಂದ, ಟೆಲಿ ಲೆನ್ಸ್ ಎಷ್ಟೇ ಬೆಲೆಬಾಳಲಿ, ಚಿಂಕಾರ ಜಿಂಕೆಯ ಕಾಲುಗಳು ಕರಗಿದಂತೆ ಬರುತ್ತವೆ. ಇದಕ್ಕೆ ಶಟರ್ ವೇಗವಾಗಲಿ ಸಾಫ್ಟ್‌ವೇರ್ ಆಗಲಿ ಮದ್ದಲ್ಲ. ಹತ್ತಿರ ಹೋಗಬೇಕು ಇಲ್ಲವೇ ತಂಪು ಹೊತ್ತಿಗೆ ಕಾಯಬೇಕು. ಕಾರಿನೊಳಗೆ ಹೀಟರ್ ಹಾಕಿಕೊಂಡು ಕಿಟಕಿ ತೆರೆದರೂ ಇದೇ ತೊಂದರೆ ಲೆನ್ಸಿನ ಮುಂದೆಯೇ ಶುರುವಾಗುತ್ತದೆ, ಆದ್ದರಿಂದ ಚಳಿಯನ್ನು ಸಹಿಸಿಕೊಂಡೆವು. ಕಿಟಕಿಯ ಮೇಲೆ ಲೆನ್ಸ್ ಊರಲು ಮನೆಯಲ್ಲೇ ಹೊಲಿಸಿದ ಚೀಲಕ್ಕೆ ಮಾಲದಂಡಿ ಜೋಳ ತುಂಬಿಸಿದ್ದೆ; ಪ್ಲಾಸ್ಟಿಕ್ ಗುಳಿಗೆಗಿಂತ ತೂಕವಾಗಿ, ಸದ್ದಿಲ್ಲದೆ ಕೂರುತ್ತದೆ. ಧೂಳಿಗೆ ಹಳೆಯ ಸೊಲ್ಲಾಪುರ ಚಾದರದ ಹೊದಿಕೆ ಸಾಕಾಯಿತು, ಆದರೆ ಬಯಲಿನಲ್ಲಿ ಲೆನ್ಸ್ ಬದಲಿಸುವ ಆಸೆಯನ್ನು ಬಿಟ್ಟು ಎರಡು ಕ್ಯಾಮೆರಾ ಇಟ್ಟುಕೊಳ್ಳುವುದೇ ನಿಜವಾದ ಉಪಾಯ.

ರಾಜಸ್ಥಾನದವರು ಗೋಡಾವಣ ಎನ್ನುವ ಎರೆಭೂತ ದೂರದಿಂದ ಕಂಡಿತು. ಗಂಡುಹಕ್ಕಿ 15 ಕಿಲೋವರೆಗೆ ತೂಗುತ್ತದೆ, ಹೆಣ್ಣು ಸಾಮಾನ್ಯವಾಗಿ ಇಡುವುದು ಒಂದೇ ಮೊಟ್ಟೆ. ಕಣ್ಣುಗಳು ತಲೆಯ ಪಕ್ಕಗಳಲ್ಲಿರುವುದರಿಂದ ನೇರ ಮುಂದಿನದು ಅದಕ್ಕೆ ಸರಿಯಾಗಿ ಕಾಣದು. ಭಾರದ ಮೈಯನ್ನು ಕೊನೆಯ ಗಳಿಗೆಯಲ್ಲಿ ತಿರುಗಿಸಲೂ ಆಗದೆ ವಿದ್ಯುತ್ ತಂತಿಗಳಿಗೆ ಬಡಿದು ಸಾಯುತ್ತದೆ. ಗಾಳಿಯಂತ್ರ ಮತ್ತು ಸೌರ ವಿದ್ಯುತ್ತಿನ ತಂತಿಗಳನ್ನು ನೆಲದಡಿಗೆ ಹಾಕಬೇಕೆಂದು ಸುಪ್ರೀಂ ಕೋರ್ಟ್ 2021ರಲ್ಲಿ ಹೇಳಿ, 2024ರಲ್ಲಿ ಆ ಆದೇಶವನ್ನು ಮಾರ್ಪಡಿಸಿ ತಜ್ಞರ ಸಮಿತಿಗೆ ವಹಿಸಿತು. ವನ್ಯಜೀವಿ ಛಾಯಾಗ್ರಾಹಕರು ಸಾಮಾನ್ಯವಾಗಿ ಕಂಬ, ತಂತಿಗಳನ್ನು ಚೌಕಟ್ಟಿನಿಂದ ಹೊರಗಿಡುತ್ತಾರೆ ಅಥವಾ ಆಮೇಲೆ ಅಳಿಸುತ್ತಾರೆ. ಇಲ್ಲಿ ಅಂಥ ಚಿತ್ರ ಸುಳ್ಳು ಹೇಳಿದಂತಾಗುತ್ತದೆಂದು ನನ್ನ ಅಭಿಪ್ರಾಯ. ಹಕ್ಕಿಗೆ ಹತ್ತಿರ ಹೋಗುವ ಪ್ರಯತ್ನವನ್ನೇ ಮಾಡದೆ, ಉದ್ಯಾನದ ಹೊರಗಿನ ರಸ್ತೆಯಿಂದ ಹುಲ್ಲು, ಹೊಲ, ಸಾಲು ತಂತಿಗಳಿರುವ ಅಗಲ ಚೌಕಟ್ಟುಗಳನ್ನೇ ಹೆಚ್ಚಾಗಿ ತೆಗೆದೆ.

ಮರಳಿ ಬರುವಾಗ ಬಾಡಮೇರ್ ರಸ್ತೆಯ ಆಕಲ್‌ನಲ್ಲಿ ಸುಮಾರು 18 ಕೋಟಿ ವರ್ಷ ಹಳೆಯ, ಕಲ್ಲಾದ ಮರದ ದಿಮ್ಮಿಗಳನ್ನು ನೋಡಿದೆವು. ದಿಮ್ಮಿಗಳಿಗೆ ಕಬ್ಬಿಣದ ಪಂಜರವಿರುವುದರಿಂದ ಚಿತ್ರಕ್ಕೆ ಹೆಚ್ಚು ಅವಕಾಶವಿರಲಿಲ್ಲ, ಇರಬೇಕಾದದ್ದೂ ಹಾಗೆಯೇ.

ಈಗ ಫೈಲುಗಳನ್ನು ಜರಡಿ ಹಿಡಿಯುವ ಕೆಲಸ ನಡೆದಿದೆ. ಮಳೆಗಾಲದಲ್ಲಿ ಎರೆಭೂತದ ಚಿಕ್ಕ ಬಂಧುವಾದ ಲೆಸ್ಸರ್ ಫ್ಲೋರಿಕನ್ ಹಕ್ಕಿಗಳು ವೇಳಾವದರ್‌ನ ಹುಲ್ಲಿಗೆ ಬರುವುದರಿಂದ ಆಗ ಮತ್ತೊಮ್ಮೆ ಹೋಗಬೇಕು. ಅದಕ್ಕೂ ಮೊದಲು ನಾನ್ನಜದ ಹುಲ್ಲು ಒಣಗಿರುವಾಗಲೇ, ಸುದಾಸರಿಯಲ್ಲಿ ಬಳಸಿದ ಅದೇ ಲೆನ್ಸ್ ಮತ್ತು ಅದೇ ಎತ್ತರದಿಂದ, ಬೆಳಗಿನ ಅದೇ ಹೊತ್ತಿನಲ್ಲಿ ಜೋಡಿಚಿತ್ರಗಳನ್ನು ತೆಗೆದು ಮುಗಿಸುವುದಿದೆ. ಅರಣ್ಯ ಇಲಾಖೆಯ ಅನುಮತಿಗೆ ಅರ್ಜಿ ಬರೆದಿಟ್ಟಿದ್ದೇನೆ.