ಗುಡ್ಡವಿಲ್ಲದ ಊರಿಗೆ ವೀಕ್ಷಣಾ ಗೋಪುರ: ಉಪ್ಪಲಿ ಬುರುಜು ಹೇಳಿಕೊಡುವುದು

ವಿಜಯಪುರದ ಸುತ್ತ ಹತ್ತಿ ನೋಡಲು ಗುಡ್ಡವಿಲ್ಲ. ಲಾವಾ ಪದರಪದರವಾಗಿ ಹರಿದು ಹೆಪ್ಪುಗಟ್ಟಿದ ನೆಲ ಅದು, ಸುಮಾರು 6.6 ಕೋಟಿ ವರ್ಷ ಹಳೆಯ ದಖನ್ ಟ್ರ್ಯಾಪ್. ಅದಕ್ಕೇ 1584ರ ಸುಮಾರಿಗೆ ಹೈದರ್ ಖಾನ್ ಇಲ್ಲಿ ಉಪ್ಪಲಿ ಬುರುಜು ಕಟ್ಟಿಸಿದ. ಸುಮಾರು 80 ಅಡಿ ಎತ್ತರದ ದುಂಡನೆ ಕಟ್ಟಡ, ಮೈಗೆ ಸುತ್ತಿಕೊಂಡು ಹೋಗುವ ಕಲ್ಲಿನ ಮೆಟ್ಟಿಲು, ನೆತ್ತಿಯ ಮೇಲೆ ಫಿರಂಗಿ. ಈ ಭಾಗದಲ್ಲಿ ಹೊಸ ವೀಕ್ಷಣಾ ಗೋಪುರ ಕಟ್ಟುವವರು ಸಿಮೆಂಟಿನ ಗುಮ್ಮಟ, ಕಮಾನು ಅಂಟಿಸಿ ಅದನ್ನು ‘ಆದಿಲಶಾಹಿ ಶೈಲಿ’ ಎನ್ನುವುದು ಬೇಡ. ಬುರುಜಿನಿಂದ ತೆಗೆದುಕೊಳ್ಳಬೇಕಾದದ್ದು ಆ ಹೊರಮೆಟ್ಟಿಲನ್ನು. ಹತ್ತುವ ದಾರಿಯೇ ನೋಟವಾಗುತ್ತದೆ.

ಮೊದಲು ಎತ್ತರದ ಲೆಕ್ಕ. ಸಮತಟ್ಟು ನೆಲದಲ್ಲಿ ಕಣ್ಣು ಎಷ್ಟು ಮೀಟರ್ ಮೇಲಿದೆಯೋ ಅದರ ವರ್ಗಮೂಲವನ್ನು 3.57ರಿಂದ ಗುಣಿಸಿದರೆ ದಿಗಂತದ ದೂರ ಕಿಲೋಮೀಟರಿನಲ್ಲಿ ಸಿಗುತ್ತದೆ. ನೆಲದ ಮೇಲೆ ನಿಂತವರಿಗೆ ಸುಮಾರು 4.5 ಕಿ.ಮೀ. 12 ಮೀಟರ್ ಮೇಲೇರಿದರೆ, ನಿಂತವರ ಕಣ್ಣಿನ ಎತ್ತರವೂ ಸೇರಿ, 13 ಕಿ.ಮೀ. 24 ಮೀಟರಿಗೆ ಏರಿದರೂ 18 ಮಾತ್ರ. ಎತ್ತರ ಇಮ್ಮಡಿಯಾದರೂ ನೋಟ ಇಮ್ಮಡಿಯಾಗುವುದಿಲ್ಲ, ಖರ್ಚು ಮಾತ್ರ ಇಮ್ಮಡಿಗಿಂತ ಹೆಚ್ಚಾಗುತ್ತದೆ. 12 ಮೀಟರ್ ಸಾಕು.

ಈಗ ಮೆಟ್ಟಿಲು. 150 ಮಿ.ಮೀ. ಏರಿನಂತೆ 12 ಮೀಟರಿಗೆ 80 ಏರು. ಹನ್ನೊಂದು-ಹನ್ನೆರಡು ಏರಿಗೊಂದು ತಂಗುಕಟ್ಟೆ ಇಟ್ಟರೆ ಏಳು ಸಾಲು ಮೆಟ್ಟಿಲು, ನಡುವೆ ಆರು ಕಟ್ಟೆ. ಪ್ರತಿ ಸಾಲಿನ ಕೊನೆಯ ಏರು ಕಟ್ಟೆಯನ್ನೋ ನೆತ್ತಿಯನ್ನೋ ಮುಟ್ಟುವುದರಿಂದ ಕಾಲಿಡುವ ಹಾಸು 73 ಮಾತ್ರ. ಒಂದೊಂದಕ್ಕೆ 300 ಮಿ.ಮೀ.ಯಂತೆ 21.9 ಮೀಟರ್, 1.8 ಮೀಟರಿನ ಆರು ಕಟ್ಟೆಗೆ 10.8; ಒಟ್ಟು 32.7 ಮೀಟರ್. ಗೋಪುರದ ವ್ಯಾಸ 9 ಮೀಟರ್, ಮೆಟ್ಟಿಲಿನ ಅಗಲ 1.5 ಮೀಟರ್ ಇಟ್ಟುಕೊಂಡರೆ ಮೆಟ್ಟಿಲಿನ ನಡುಗೆರೆಯ ಸುತ್ತಳತೆ ಸುಮಾರು 33 ಮೀಟರ್. ಅಂದರೆ ನೆತ್ತಿ ಮುಟ್ಟುವಷ್ಟರಲ್ಲಿ ಸರಿಯಾಗಿ ಒಂದು ಸುತ್ತು! ನಾಲ್ಕೂ ದಿಕ್ಕು ದಾರಿಯಲ್ಲೇ ಕಾಣುತ್ತದೆ. ಯಾವ ಕಟ್ಟೆಯಿಂದ ಗೋಳಗುಮ್ಮಟ ಕಾಣಬೇಕು, ಯಾವುದರಿಂದ ಕೆರೆ ಕಾಣಬೇಕು ಎಂದು ಮೊದಲೇ ಗುರುತು ಮಾಡಿಕೊಂಡು, ಮೊದಲ ಮೆಟ್ಟಿಲು ಎಲ್ಲಿಂದ ಶುರುವಾಗಬೇಕೆಂದು ಆಮೇಲೆ ತೀರ್ಮಾನಿಸಿ.

ಪೂರ್ತಿ ಕಲ್ಲು ತುಂಬಿ ಕಟ್ಟಿದರೆ ತೂಕ ಸುಮಾರು 2,000 ಟನ್, ತಳದಲ್ಲಿ ಪ್ರತಿ ಚದರ ಮೀಟರಿಗೆ 31 ಟನ್. ಗಟ್ಟಿ ಬಂಡೆಗೆ ಅದು ಭಾರವೇ ಅಲ್ಲ. ಎರೆಮಣ್ಣು ಮಾತ್ರ ತಡೆಯದು. ಮಳೆಗೆ ಉಬ್ಬಿ, ಬೇಸಿಗೆಗೆ ಬಿರಿದು ಗೋಡೆಯನ್ನೇ ಸೀಳುತ್ತದೆ. ಎರೆ, ಗರಸು ಎರಡನ್ನೂ ತೆಗೆದು ಬಂಡೆಯ ಮೇಲೇ ಅಡಿಪಾಯ ಹಾಕಬೇಕು. ಆದರೆ ಬಂಡೆ ತಗುಲಿತೆಂದು ಅಲ್ಲಿಗೇ ನಿಲ್ಲಿಸಿದರೆ ಮೋಸ ಹೋಗುತ್ತೀರಿ. ಎರಡು ಲಾವಾ ಪದರಗಳ ನಡುವೆ ಮೆತ್ತನೆಯ ಕೆಂಪು ಮಣ್ಣಿನ ಪಟ್ಟಿ ಇರಬಹುದು, ಅಥವಾ ನಿಮಗೆ ಸಿಕ್ಕಿದ್ದು ಈರುಳ್ಳಿಯಂತೆ ಸಿಪ್ಪೆಸಿಪ್ಪೆಯಾಗಿ ಕಳಚುವ ಒಂಟಿ ಗುಂಡಾಗಿರಬಹುದು. ಕನಿಷ್ಠ ಮೂರು ಕಡೆ ಕೊರೆದು, ಗಟ್ಟಿ ಬಂಡೆಯೊಳಗೆ 5 ಮೀಟರ್ ಇಳಿದು ಕಲ್ಲಿನ ದಿಂಡನ್ನು ಹೊರತೆಗೆದು ಕಣ್ಣಾರೆ ನೋಡಬೇಕು.

ಕಟ್ಟುವಾಗ ಒಳಗಡೆ ಟೊಳ್ಳು ಬಿಡಿ. ಕಾಂಕ್ರೀಟಿನ ಉಂಗುರಗೋಡೆ, ಅದರ ಹೊರಗೆ ಕಲ್ಲು, ಎರಡೂ ಸೇರಿ 900 ಮಿ.ಮೀ. ದಪ್ಪ, ತೂಕ ಸುಮಾರು 700 ಟನ್ನಿಗೆ ಇಳಿಯುತ್ತದೆ. 1.5 ಮೀಟರ್ ಉದ್ದದ ಕಲ್ಲನ್ನು ಗೋಡೆಗೆ ಸಿಕ್ಕಿಸಿ ಹೊರಚಾಚಿ ಬಿಡುವುದು ನನಗೆ ಒಪ್ಪಿಗೆಯಿಲ್ಲ. ಒತ್ತಿದರೆ ತಡೆಯುವ ಕರಿಕಲ್ಲು (ಇಲ್ಲಿನ ಲಾವಾ ಕಲ್ಲು, ಬಸಾಲ್ಟ್) ಬಾಗಿಸಿದರೆ ಹೇಳದೆ ಕೇಳದೆ ಮುರಿಯುತ್ತದೆ. ಉಂಗುರಗೋಡೆಯಿಂದಲೇ ಕಾಂಕ್ರೀಟ್ ಹಲಗೆ ಚಾಚಿ, ಅದರ ಮೇಲೆ 50 ಮಿ.ಮೀ. ಕಲ್ಲು ಹಾಸಿ.

ಕಲ್ಲಿನ ಆಯ್ಕೆಯಲ್ಲಿ ಅವಸರ ಬೇಡ. ಒಂದೇ ಕಣಿಯಲ್ಲಿ ಮೂರು ಬಗೆ ಸಿಗುತ್ತದೆ: ತೂತಿಲ್ಲದ ಗಟ್ಟಿ ಕರಿಕಲ್ಲು, ಗುಳ್ಳೆಗುಳ್ಳೆಯ ಕಲ್ಲು, ಗುಳ್ಳೆಯೊಳಗೆ ಬಿಳಿ ಹರಳು ತುಂಬಿದ ಕಲ್ಲು. ಮೂರನೆಯದನ್ನು ತಂಗುಕಟ್ಟೆಯ ಪಕ್ಕದ ಗೋಡೆಯಲ್ಲಿ ಕಣ್ಣೆತ್ತರಕ್ಕೆ ಇಡಿ. ಮಕ್ಕಳು ಬೆರಳಾಡಿಸಿ ನೋಡುತ್ತಾರೆ, ಲಾವಾದೊಳಗೆ ಅನಿಲ ಸಿಕ್ಕಿಕೊಂಡಿದ್ದ ಜಾಗ ಅದು. ಆದರೆ ಹಸಿರು ಛಾಯೆಯ ಮಂಕು ಕರಿಕಲ್ಲನ್ನು ಪರೀಕ್ಷಿಸದೆ ತರಬೇಡಿ; ಒಳಗೆ ಉಬ್ಬುವ ಜೇಡಿಯ ಅಂಶವಿದ್ದರೆ ಕೆಲವೇ ಮಳೆಗಾಲದಲ್ಲಿ ಪುಡಿಯಾಗುತ್ತದೆ. ತುಂಡುಗಳನ್ನು ಎರಡು ವಾರ ಎಥಿಲೀನ್ ಗ್ಲೈಕಾಲ್‌ನಲ್ಲಿ ನೆನೆಹಾಕಿದರೆ ಕೆಟ್ಟ ಕಲ್ಲು ಬಿರುಕುಬಿಟ್ಟು ತಾನೇ ತೋರಿಸಿಕೊಳ್ಳುತ್ತದೆ. ಮೆಟ್ಟಿಲಿಗೆ ಗಟ್ಟಿ ಕಲ್ಲೇ ಆಗಬೇಕು, ಮೇಲ್ಮೈ ಉಳಿಯಿಂದ ಒರಟು ಮಾಡಿರಬೇಕು. ನಯ ಮಾಡಿದ ಕರಿಕಲ್ಲು ಮಳೆಯಲ್ಲಿ ಎಣ್ಣೆ ಸವರಿದಂತೆ ಜಾರುತ್ತದೆ.

ಪದರಗಳ ನಡುವಿನ ಕೆಂಪು ಪಟ್ಟಿಯನ್ನು ಗೋಡೆಯಲ್ಲಿ ತೋರಿಸಬೇಕೆಂದು ಬಾದಾಮಿಯ ಕೆಂಪು ಮರಳುಗಲ್ಲು ತರುವುದು ತಪ್ಪು. ಅದು ಬೇರೆ ಕಾಲದ, ಬೇರೆ ಹುಟ್ಟಿನ ಕಲ್ಲು. ಇಟ್ಟಿಗೆಪುಡಿ ಬೆರೆಸಿದ ಸುಣ್ಣದ ಗಾರೆಯನ್ನು 20 ಮಿ.ಮೀ. ಒಳಸರಿದ ಪಟ್ಟಿಯಾಗಿ ಹಾಕಿ, ಕೆಳ ಅಂಚನ್ನು ಹೊರಕ್ಕೆ ಇಳಿಜಾರು ಮಾಡಿ. ಮಟ್ಟವಾಗಿ ಬಿಟ್ಟರೆ ನೀರು ನಿಂತು ಪಟ್ಟಿ ಕಳಚುತ್ತದೆ.

ಇಂಥ ಕಟ್ಟಡದಲ್ಲಿ ಮೊದಲು ಕಣ್ಣಿಗೆ ಬೀಳುವ ದೋಷವೆಂದರೆ ಕರಿಗೋಡೆಯ ಮೇಲೆ ಇಳಿದ ಬಿಳಿ ಗೆರೆ. ಮೆಟ್ಟಿಲ ಹಾಸಿನಡಿ ನೀರು ನುಗ್ಗಿ ಸಿಮೆಂಟಿನ ಸುಣ್ಣವನ್ನು ಕರಗಿಸಿ ಹೊರತರುತ್ತದೆ. ಬಿಳಿಕಲ್ಲಿನಲ್ಲಿ ಮುಚ್ಚಿಹೋಗುವುದು ಇಲ್ಲಿ ಎದ್ದು ಕಾಣುತ್ತದೆ. ಹಾಸಿನಡಿ ಟೊಳ್ಳು ಉಳಿಯದಂತೆ ಗಾರೆ ತುಂಬಿ, ಪ್ರತಿ ಮೆಟ್ಟಿಲಿಗೂ 50ಕ್ಕೆ 1ರಂತೆ ಹೊರ ಇಳಿಜಾರು ಕೊಟ್ಟು, ನೀರು ಒಳಕ್ಕೆ ಹರಿಯದೆ ಅಲ್ಲೇ ತೊಟ್ಟಿಕ್ಕುವಂತೆ ಅಂಚಿನ ಅಡಿಯಲ್ಲಿ 12 ಮಿ.ಮೀ. ನೀರುಗೆರೆ ಕೊರೆಯಿರಿ.

ನೆತ್ತಿಯ ಕಟಕಟೆ 1.2 ಮೀಟರ್ ಎತ್ತರ, ಸಂದು 100 ಮಿ.ಮೀ. ಮೀರಬಾರದು. ಕೈಹಿಡಿ ಮರದ್ದಿರಲಿ, ಏಪ್ರಿಲ್ ಬಿಸಿಲಿಗೆ ಉಕ್ಕು ಮುಟ್ಟಲಾಗದು. ಚಾಚಿದ ಹಲಗೆಗಳ ಅಡಿ ಹೆಜ್ಜೇನು ಕಟ್ಟುವ ಜಾಗ, ಪ್ರತಿ ತಿಂಗಳು ನೋಡುತ್ತಿರಬೇಕು. ಬಯಲಿನಲ್ಲಿ ಒಂಟಿಯಾಗಿ ನಿಂತ ಗೋಪುರಕ್ಕೆ ಸಿಡಿಲಿನ ಭಯ ಹೆಚ್ಚು. ಒಣಬಂಡೆಯಲ್ಲಿ ಭೂಸಂಪರ್ಕ (ಅರ್ತಿಂಗ್) ಸರಿಯಾಗಿ ಸಿಗದು. ಅಡಿಪಾಯಕ್ಕೆ ಬೇಡವೆಂದು ತೆಗೆದ ಎರೆಮಣ್ಣು ಇಲ್ಲಿ ಕೆಲಸಕ್ಕೆ ಬರುತ್ತದೆ. ಗೋಪುರದ ಸುತ್ತ ಕಾಲುವೆ ತೋಡಿ, ತಾಮ್ರದ ಪಟ್ಟಿ ಇಟ್ಟು, ಅದೇ ಮಣ್ಣಿನಿಂದ ಮುಚ್ಚಿ. ತೇವ ಹಿಡಿದಿಡುವ ಅದರ ಗುಣದಿಂದ ರೋಧ 10 ಓಮ್‌ಗಿಂತ ಕೆಳಗಿಳಿಸುವುದು ಸುಲಭವಾಗುತ್ತದೆ. ಅಳತೆಯನ್ನು ಮಾತ್ರ ಮಳೆಗಾಲದಲ್ಲಲ್ಲ, ಮೇ ತಿಂಗಳಲ್ಲಿ ಮಾಡಿಸಿ.