ತಟ್ಟೆ ಕಂಡರೆ ಓಡುತ್ತಿದ್ದ ಕೆಂಚ

ಚಿತ್ರದುರ್ಗದ ನಮ್ಮ ಮನೆಯ ಕೆಂಚ ಬೀದಿಯಲ್ಲಿ ಹುಟ್ಟಿ, ಮರಿಯಾಗಿದ್ದಾಗಲೇ ಗೇಟಿನೊಳಗೆ ನುಸುಳಿ ಉಳಿದುಕೊಂಡ ನಾಟಿ ನಾಯಿ. ಊಟದ ವಿಷಯದಲ್ಲಿ ಅವನು ಎಂದೂ ಮುನಿಸು ತೋರಿದವನಲ್ಲ. ಬೇಸಿಗೆಯ ಒಂದು ಸಂಜೆ ಅಮ್ಮ ಹಿತ್ತಲ ಬಟ್ಟೆ ಒಗೆಯುವ ಜಾಗದಲ್ಲಿ ಎಂದಿನಂತೆ ಸ್ಟೀಲ್ ತಟ್ಟೆಗೆ ಮುದ್ದೆ ಮುರಿದು ಹಾಕಿ, ಕೋಳಿ ಬೇಯಿಸಿದ ನೀರು ಸುರಿದಿಟ್ಟಾಗ, ಬಾಲ ಅಲ್ಲಾಡಿಸುತ್ತ ಬಂದವನು ಒಮ್ಮೆ ನಾಲಗೆ ತಾಗಿಸಿ, ಕುಂಯ್ ಎಂದು ಅರಚಿ ಹಿಂದಕ್ಕೆ ನೆಗೆದು, ನೇರವಾಗಿ ನಡುಮನೆಯ ಮಂಚದ ಕೆಳಗೆ ಸೇರಿಕೊಂಡ. ಮರುದಿನ ಬೆಳಿಗ್ಗೆ ಹಿಂಜರಿಯುತ್ತಲೇ ಬಂದು ತಿಂದ. ಅದಾದ ಮೇಲೆ ಒಂದು ದಿನ ತಿನ್ನುವುದು, ಇನ್ನೊಂದು ದಿನ ಹತ್ತಿರಕ್ಕೂ ಸುಳಿಯದಿರುವುದು ನಡೆಯಿತು. ಕಡೆಗೆ ಅಡುಗೆಮನೆಯಲ್ಲಿ ತಟ್ಟೆ ಎತ್ತಿದ ಸದ್ದಿಗೇ ಬಾಲ ಮುದುರಿಕೊಂಡು ಓಡುವಂತಾಯಿತು.

ಪಕ್ಕದ ಮನೆಯವರು ದೃಷ್ಟಿಯಾಗಿದೆ ಎಂದರು. ಅಮ್ಮ ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. ಕೆಂಚ ಆ ಘಾಟಿಗೆ ಸೀನಿದನೇ ಹೊರತು ತಟ್ಟೆಯತ್ತ ತಿರುಗಿ ನೋಡಲಿಲ್ಲ. ಎರಡು ದಿನ ಉಪವಾಸ ಕೆಡವಿದರೆ ತಾನಾಗಿಯೇ ದಾರಿಗೆ ಬರುತ್ತದೆ ಎಂಬುದು ಸೋದರಮಾವನವರ ಸಲಹೆಯಾಗಿತ್ತು. ನನಗೆ ಅದು ಒಪ್ಪಿಗೆಯಾಗಲಿಲ್ಲ. ಹಸಿವು ಹೆಚ್ಚಾದರೆ ಹೆದರಿಕೆ ಹೋಗುವುದಿಲ್ಲ, ಹೆದರಿಕೆಯ ಜೊತೆಗೆ ಸಂಕಟವೂ ಸೇರುತ್ತದೆ, ಅಷ್ಟೇ.

ಬಾಯಿಯಲ್ಲಿ ನೋವಿರಬಹುದೆಂದು ಮೊದಲು ಪಶುವೈದ್ಯರಿಗೆ ತೋರಿಸಿದೆವು. ಬೆಳೆದ ನಾಯಿಗೆ 42 ಹಲ್ಲುಗಳಿರುತ್ತವೆ. ಎಲುಬು ಕಡಿಯುವಾಗ ಮೇಲಿನ ದವಡೆಯ ದೊಡ್ಡ ಹಲ್ಲು ಸೀಳಿದ್ದರೆ ಅದು ಹೊರಗೆ ಸುಲಭವಾಗಿ ಕಾಣುವುದಿಲ್ಲ. ತುತ್ತು ತಾಗಿದಾಗ ಮಾತ್ರ ಜೀವ ಹಿಂಡುತ್ತದೆ. ವೈದ್ಯರು ತುಟಿ ಸರಿಸಿ ಹಲ್ಲು, ಒಸಡು, ನಾಲಗೆಯ ಅಡಿ, ಗಂಟಲು ಎಲ್ಲವನ್ನೂ ನೋಡಿ, ಕಿವಿ ಮತ್ತು ಕುತ್ತಿಗೆಯನ್ನು ಒತ್ತಿ ಪರೀಕ್ಷಿಸಿದ ಮೇಲೆ, “ಬೇರೆ ಕಡೆ ಕೊಟ್ಟರೆ ತಿನ್ನುತ್ತದೆಯೇ?” ಎಂದು ಕೇಳಿದರು. ಅಂಗಳದಲ್ಲಿ ಕೈಯಿಂದ ಕೊಟ್ಟರೆ ಬಿಸ್ಕತ್ತು, ಮುದ್ದೆ, ಮಾಂಸ ಎಲ್ಲವನ್ನೂ ಆಸೆಯಿಂದಲೇ ತಿನ್ನುತ್ತಿದ್ದ. “ಹಾಗಾದರೆ ನಾಯಿಯನ್ನು ಬಿಟ್ಟು ಆ ಜಾಗವನ್ನು ಪರೀಕ್ಷೆ ಮಾಡಿ,” ಎಂದರು. ನಮಗೆ ಸಿಕ್ಕ ಸಲಹೆಗಳಲ್ಲಿ ಇದಕ್ಕಿಂತ ಉಪಯುಕ್ತವಾದದ್ದು ಬೇರೊಂದಿಲ್ಲ.

ಕುಕ್ಕರಿನ ಸೀಟಿ, ಮಿಕ್ಸಿಯ ಸದ್ದು ಮೊದಲಿನಿಂದಲೂ ಇದ್ದವು. ಹೊಸದಾಗಿ ಅಲ್ಲಿಗೆ ಬಂದದ್ದು ವಾಷಿಂಗ್ ಮೆಷಿನ್ ಒಂದೇ. ಬಚ್ಚಲಿನಲ್ಲಿದ್ದ ಅದನ್ನು ಆ ತಿಂಗಳಷ್ಟೇ ಹಿತ್ತಲಿಗೆ ಸಾಗಿಸಿ, ಹೊಸ ಪ್ಲಗ್ ಪಾಯಿಂಟ್ ಹಾಕಿಸಿದ್ದೆವು. ಅದು ಓಡುವಾಗಿನ ಗುಡುಗುಡು ಸದ್ದಿಗೆ ಹೆದರುತ್ತಾನೆಂದು ಊಹಿಸೋಣವೆಂದರೆ, ಮೆಷಿನ್ ನಿಂತಿದ್ದಾಗಲೂ ಅವನು ಓಡಿದ್ದುಂಟು. ಇದಕ್ಕೆ ಸುಳಿವು ಕೊಟ್ಟವಳು ಅಮ್ಮ. ಕೆಂಚ ಮೊದಮೊದಲು ತಿನ್ನದೆ ಬಿಟ್ಟ ದಿನಗಳೆಲ್ಲ ನಲ್ಲಿಯಲ್ಲಿ ನೀರು ಬಿಟ್ಟ ದಿನಗಳೆಂದು ಅವಳು ನೆನಪಿಸಿಕೊಂಡಳು. ನೀರು ಬಂದ ದಿನ ಮೆಷಿನ್ನಿಗೆ ಬಟ್ಟೆ ಹಾಕುತ್ತೇವೆ, ಹಿತ್ತಲು ತೊಳೆಯುತ್ತೇವೆ, ಸಿಮೆಂಟಿನ ನೆಲ ಸಂಜೆಯವರೆಗೂ ಒದ್ದೆಯಾಗಿರುತ್ತದೆ, ಮೆಷಿನ್ನಿನ ಸ್ವಿಚ್ಚನ್ನು ಆರಿಸುವ ನೆನಪು ಯಾರಿಗೂ ಇರುವುದಿಲ್ಲ. “ಮೊನ್ನೆ ಬರಿಗಾಲಲ್ಲಿ ಅದರ ಪಕ್ಕ ಕೈಯಿಟ್ಟಾಗ ನನಗೂ ಜುಮ್ ಅಂತು ಕಣೋ,” ಎಂದು ಅವಳು ಹೇಳಿದಾಗ ಎಲ್ಲವೂ ಒಂದಕ್ಕೊಂದು ಹೊಂದಿಕೊಂಡಿತು.

ಎಲೆಕ್ಟ್ರಿಷಿಯನ್ ಬಂದು ಟೆಸ್ಟರ್ ಹಿಡಿದರೆ ಮೆಷಿನ್ನಿನ ಮೈಯಲ್ಲೂ, ಅದಕ್ಕೆ ತಾಗಿಕೊಂಡಿದ್ದ, ಕೆಂಚನ ತಟ್ಟೆ ಇಡುವ ಕಬ್ಬಿಣದ ಸ್ಟ್ಯಾಂಡಿನಲ್ಲೂ ಟೆಸ್ಟರಿನ ದೀಪ ಹೊತ್ತಿತು. ಪ್ಲಗ್ ಪಾಯಿಂಟ್ ಬಿಚ್ಚಿ ನೋಡಿದಾಗ ಮೂರನೆಯ ತೂತಿನ ಹಿಂದೆ ಅರ್ಥಿಂಗ್ ವೈರೇ ಇರಲಿಲ್ಲ. ಮೆಷಿನ್ ಕೆಟ್ಟಿರಲಿಲ್ಲ. ಇಂಥ ಯಂತ್ರಗಳ ಒಳಗಿರುವ ವಿದ್ಯುತ್ ಫಿಲ್ಟರಿನಿಂದ ಬಹಳ ಸಣ್ಣ ಪ್ರಮಾಣದ ವಿದ್ಯುತ್ತು ಲೋಹದ ಕವಚಕ್ಕೆ ಸೋರುವುದು ಸಹಜ, ಅದನ್ನು ನೆಲಕ್ಕಿಳಿಸುವುದೇ ಆ ವೈರಿನ ಕೆಲಸ. ಅದು ಇಲ್ಲದಿದ್ದಾಗ ರಬ್ಬರ್ ಚಪ್ಪಲಿ ಹಾಕಿಕೊಂಡ ನಮಗೆ ಏನೂ ಗೊತ್ತಾಗುವುದಿಲ್ಲ. ಒದ್ದೆ ನೆಲದ ಮೇಲೆ ನಾಲ್ಕೂ ಪಾದಗಳನ್ನೂರಿ, ಒದ್ದೆ ನಾಲಗೆಯನ್ನು ಸ್ಟೀಲಿಗೆ ತಾಗಿಸುವ ನಾಯಿಗೆ ಅದು ನೇರವಾಗಿ ಬಾಯಿಗೇ ಬಡಿಯುತ್ತದೆ. ಹಾಲು ಕರೆಯುವ ಯಂತ್ರಗಳಿರುವ ಡೈರಿಗಳಲ್ಲಿ ಹಸುಗಳು ಹೀಗೆಯೇ ನೀರಿನ ತೊಟ್ಟಿಗೆ ಬಾಯಿ ಹಾಕಲು ಹಿಂಜರಿಯುವುದುಂಟು ಎಂಬುದನ್ನು ನಾನು ಆಮೇಲೆ ಓದಿದೆ.

ವೈರ್ ಎಳೆಯುವುದು ಒಂದು ಮಧ್ಯಾಹ್ನದ ಕೆಲಸವಾಯಿತು. ಮುಖ್ಯ ಬೋರ್ಡಿಗೆ 30 ಮಿಲಿ ಆಂಪಿಯರಿನ ಆರ್‌ಸಿಸಿಬಿಯನ್ನೂ, ಅಂದರೆ ವಿದ್ಯುತ್ತು ಸೋರಿದರೆ ತಾನಾಗಿಯೇ ಬಿದ್ದು ಸಂಪರ್ಕ ಕಡಿಯುವ ಸ್ವಿಚ್ಚನ್ನೂ ಹಾಕಿಸಿದೆವು. ಇಷ್ಟು ಸಣ್ಣ ಸೋರಿಕೆಗೆ ಅದು ಬೀಳುವುದಿಲ್ಲವಾದರೂ, ದೊಡ್ಡ ಅನಾಹುತ ತಪ್ಪಿಸಲು ಪ್ರತಿ ಮನೆಯಲ್ಲೂ ಇರಬೇಕಾದ ವಸ್ತು ಅದು. ಕೆಂಚನ ಮನಸ್ಸಿನ ದುರಸ್ತಿ ಮಾತ್ರ ಅಷ್ಟು ಬೇಗ ಆಗುವಂಥದ್ದಾಗಿರಲಿಲ್ಲ. ಊಟದ ಮುನ್ಸೂಚನೆಯಾದ ಸದ್ದಿಗೇ ನಾಯಿಯ ಬಾಯಲ್ಲಿ ನೀರೂರುತ್ತದೆ ಎಂದು ರಷ್ಯಾದ ಪಾವ್ಲೊವ್ ತೋರಿಸಿದ್ದು ಎಲ್ಲರಿಗೂ ಗೊತ್ತು; ಅದೇ ಕಲಿಕೆ ತಿರುಗಿ ನಿಂತು, ಇಲ್ಲಿ ತಟ್ಟೆಯ ಸದ್ದು ಹೊಡೆತದ ಮುನ್ಸೂಚನೆಯಾಗಿಬಿಟ್ಟಿತ್ತು. ಅದನ್ನು ಅಳಿಸಲು ಬಲವಂತವಾಗಲಿ, ಬೈಗುಳವಾಗಲಿ ಕೆಲಸಕ್ಕೆ ಬರುವುದಿಲ್ಲ.

ಹಾಗಾಗಿ ಸ್ಟೀಲನ್ನು ಪೂರ್ತಿಯಾಗಿ ಬಿಟ್ಟು, ಮುಂಬಾಗಿಲ ಜಗುಲಿಯ ಮೇಲೆ ಮುತ್ತುಗದ ಎಲೆಯಲ್ಲಿ ಊಟ ಹಾಕತೊಡಗಿದೆವು. ಎಲೆ ಸದ್ದು ಮಾಡುವುದಿಲ್ಲ, ಹೊಳೆಯುವುದಿಲ್ಲ. ಊಟವಿಟ್ಟು ನಾವು ಒಳಗೆ ಹೋಗಿಬಿಡುತ್ತಿದ್ದೆವು; ಪಕ್ಕದಲ್ಲಿ ಕುಳಿತು “ತಿನ್ನೋ, ತಿನ್ನೋ” ಎಂದು ಗೋಗರೆದರೆ ಅವನು ಊಟಕ್ಕಿಂತ ನಮ್ಮ ಮುಖವನ್ನೇ ಹೆಚ್ಚು ಗಮನಿಸುತ್ತಿದ್ದ. ಎಲೆಯ ಮೇಲೆ ನಿಶ್ಚಿಂತೆಯಿಂದ ತಿನ್ನತೊಡಗಿದ ಮೇಲೆ, ಅಡುಗೆಮನೆಯಲ್ಲಿ ಅಮ್ಮ ತಟ್ಟೆಯನ್ನು ಕೇಳಿಯೂ ಕೇಳದಷ್ಟು ಮೆಲ್ಲಗೆ ತಾಗಿಸುವುದು, ಆ ಸದ್ದಿನ ಬೆನ್ನಿಗೇ ನಾನು ಜಗುಲಿಯಲ್ಲಿ ಒಂದು ಮಾಂಸದ ಚೂರು ಕೊಡುವುದು ಎಂದು ಗೊತ್ತುಮಾಡಿಕೊಂಡೆವು. ಅವನು ಕಿವಿ ಹಿಂದಕ್ಕೆ ಮಲಗಿಸಿದರೆ ಅವತ್ತು ಸದ್ದನ್ನು ಇನ್ನಷ್ಟು ತಗ್ಗಿಸುತ್ತಿದ್ದೆವು, ಕತ್ತೆತ್ತಿ ಚೂರಿಗಾಗಿ ಕಾದರೆ ಮಾತ್ರ ತುಸು ಏರಿಸುತ್ತಿದ್ದೆವು. ಆಮೇಲೆ ಖಾಲಿ ತಟ್ಟೆಯನ್ನು ಎಲೆಯಿಂದ ದೂರದಲ್ಲಿ ಇರಿಸಿ, ದಿನಗಳೆದಂತೆ ಹತ್ತಿರ ತಂದು, ಕಡೆಗೆ ಎಲೆಯನ್ನೇ ಅದರೊಳಗೆ ಹಾಸಿದೆವು.

ಮಳೆಗಾಲ ಹಿಡಿಯುವ ಹೊತ್ತಿಗೆ ಅವನು ಬರಿಯ ತಟ್ಟೆಯಲ್ಲೇ ತಿನ್ನುತ್ತಿದ್ದ, ಆದರೆ ಜಗುಲಿಯಲ್ಲಿ ಮಾತ್ರ. ಹಿತ್ತಲಿಗೆ ಕರೆದರೆ ಹೊಸಿಲವರೆಗೆ ಬಂದು ನಿಲ್ಲುತ್ತಾನೆ. ಅದನ್ನೂ ಬಿಡಿಸಬೇಕೆಂಬ ಹಟ ನಮಗಿಲ್ಲ. ಸ್ಟ್ಯಾಂಡನ್ನು ಗುಜರಿಗೆ ಹಾಕಿ, ಅವನ ನೀರಿನ ಬೋಗುಣಿಯನ್ನೂ ಜಗುಲಿಗೇ ತಂದಿಟ್ಟಿದ್ದೇವೆ.